ಪಿಕಪ್ ನೋಡಲು ಬಂದವರು

ಈಗಲೂ ಯಾರಾದರೂ ನನ್ನ ಕಾರಿನ ಬಾನೆಟ್ ಮೇಲೆ ಕೈಯಿಟ್ಟು "ಆವರೇಜ್ ಎಷ್ಟು ಕೊಡ್ತದ್ರಿ?" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರ ತಪ್ಪೇನೂ ಇಲ್ಲ. ಗಾಡಿ ಕೊಳ್ಳುವವನು ಕೇಳಲೇಬೇಕಾದ ಮಾತು ಅದು. ಆದರೆ ನನ್ನ ಬಾಳಿನಲ್ಲಿ ಆ ಮಾತನ್ನು ಕೇಳಬಾರದ ದಿನ ಕೇಳಿದರು, ಉತ್ತರ ಕೊಡಬಾರದವನು ಕೂತು ಉತ್ತರ ಕೊಟ್ಟ. ಆ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಜೇವರ್ಗಿಯಲ್ಲಿ ಅಪ್ಪನದು ತೊಗರಿಯ ಅಡತ್ ಅಂಗಡಿ. ರೈತರು ತಂದ ಮಾಲನ್ನು ವ್ಯಾಪಾರಿಗಳಿಗೆ ಮಾರಿಸಿಕೊಟ್ಟು ದಲಾಲಿ ಪಡೆಯುವುದು ಅವನ ಕಸುಬು. ಊರಲ್ಲಿ ಕೈಯಲ್ಲಿ ದುಡ್ಡಾಡುವವರೆಲ್ಲ ಜೀಪು ಇಟ್ಟಿದ್ದರು. ಅಪ್ಪ ಮಾತ್ರ ಗುಲ್ಬರ್ಗಾಕ್ಕೆ ಹೋಗಿ ಒಂದು ಸಣ್ಣ ಕೆಂಪು ಕಾರು ತಂದ. ಜನ ಅದನ್ನು ಕಡ್ಡಿಪೆಟ್ಟಿಗೆ ಎಂದು ನಕ್ಕರು. ಆದರೆ ಅಷ್ಟು ಹಗುರ ಮೈಗೆ ಅದರ ಎಂಜಿನ್ ಜೋರಿನದು. ಎರಡನೆಯ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಜೀಪಿನವರು ಹಾರ್ನ್ ಹೊಡೆಯುವಷ್ಟರಲ್ಲಿ ನಾವು ಮುಂದಿನ ತಿರುವು ದಾಟಿರುತ್ತಿದ್ದೆವು.

ಅದರ ಖರ್ಚೂ ಹಾಗೆಯೇ ಇತ್ತು, ಸುಳ್ಳು ಹೇಳುವುದಿಲ್ಲ. ನಮ್ಮದು ಎರೆ ಭೂಮಿ, ಮಳೆ ಬಿದ್ದರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಬಿಡದು. ಅಫಜಲಪುರದ ರಸ್ತೆಯ ಕಲ್ಲು ಬಡಿದು ಹೊಟ್ಟೆಯಡಿಯ ಎಣ್ಣೆ ಚೇಂಬರ್ ಒಡೆಯುತ್ತಿತ್ತು. ಸಾಮಾನು ಬೇಕೆಂದರೆ ಗುಲ್ಬರ್ಗಾ, ಅಲ್ಲಿ ಸಿಗದಿದ್ದರೆ ಸೊಲ್ಲಾಪುರ. ಜೀಪಿಗೆ ಹಾಕುವ ಟೈರು ಇದಕ್ಕೆ ಆಗದು, ಜೀಪು ಕುಡಿಯುವ ಡೀಸೆಲ್ ಇದು ಮೂಸಿಯೂ ನೋಡದು. ಅಂಗಡಿಗೆ ಬರುತ್ತಿದ್ದ ಮಾದನಹಿಪ್ಪರಗಾದ ಒಬ್ಬ ಹಿರಿಯ ರೈತ ಅಪ್ಪನನ್ನು ಯಾವಾಗಲೂ ಕಾಡುತ್ತಿದ್ದ.

"ಸಾವ್ಕಾರ್ರ, ಎತ್ತು ಮೇವು ತಿಂದ್ರ ಸೆಗಣಿ ಆದ್ರೂ ಕೊಡ್ತದ. ಇದು ತಿಂದು ಹೊಗಿ ಬಿಡ್ತದ ನೋಡ್ರಿ."

"ಖರೇ ಅದಪ್ಪ. ಆದ್ರ ನಿನ್ನ ಎತ್ತು ಮುಂಜಾನೆ ಆಳಂದಕ್ಕ ಹೋಗಿ ಮಧ್ಯಾಹ್ನ ಊಟಕ್ಕ ಮನಿಗೆ ಬರ್ತದೇನು?"

ಅಪ್ಪನ ಲೆಕ್ಕ ಅದೇ. ಆಳಂದದ ಪೇಟೆಯ ಧಾರಣೆ ಮಧ್ಯಾಹ್ನದೊಳಗೆ ಗೊತ್ತಾದರೆ ಲಾಭ, ಸಂಜೆಗೆ ಗೊತ್ತಾದರೆ ಬರೀ ಸುದ್ದಿ. ಫೋನು ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಗಾಡಿ ತಿನ್ನುವುದಕ್ಕಿಂತ ದುಡಿಯುವುದು ಹೆಚ್ಚಾಗಿರುವವರೆಗೆ ಅದು ದುಬಾರಿಯಲ್ಲ ಎಂದು ಅಪ್ಪ ಹೇಳುತ್ತಿದ್ದ. ನನಗೆ ಈಗಲೂ ಅದಕ್ಕಿಂತ ಒಳ್ಳೆಯ ಲೆಕ್ಕ ಗೊತ್ತಿಲ್ಲ.

ಗಾಡಿ ಬಂದ ವರ್ಷವೇ ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಮಂಜಾಯಿತು. ಎದುರಿಗೆ ಬರುವುದು ಲಾರಿಯೋ ಎಮ್ಮೆಯೋ ತಿಳಿಯದಾಯಿತು. ಒಂದು ಮುಂಜಾನೆ ಅವನೇ ಚಾವಿ ನನ್ನ ಕೈಗಿಟ್ಟು "ಕೂಡು ಬೇ, ಕಲಸ್ತೀನಿ" ಎಂದ. ಬಿ.ಎ. ಮುಗಿಸಿ ಮನೆಯಲ್ಲಿ ಮದುವೆಗೆಂದು ಕೂತಿದ್ದವಳು ನಾನು. ಕಟ್ಟಿಸಂಗಾವಿ ಸೇತುವೆಯ ಕಡೆಗಿನ ನೇರ ರಸ್ತೆಯಲ್ಲಿ ಕಲಿತೆ. ಅಪ್ಪ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ "ಈಗ ಗೇರ್ ಹಾಕು" ಎನ್ನುತ್ತಿದ್ದ. ಆಮೇಲೆ ಆಳಂದ, ಅಫಜಲಪುರ, ಎಲ್ಲ ಪೇಟೆಗೂ ಅವನನ್ನು ನಾನೇ ಒಯ್ದೆ. ಜನ ನಿಂತು ನೋಡುತ್ತಿದ್ದರು. ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ಮಾತ್ರ ಕಂಡ ಕಂಡವರಿಗೆ "ನನ್ನ ಕಣ್ಣು ಹೋದ್ರೇನಾತು, ಮಗಳ ಕಣ್ಣದಾವಲ್ಲ" ಎಂದು ಹೇಳಿಕೊಂಡು ತಿರುಗಿದ. ಆ ಮಾತನ್ನು ನಾನು ನಂಬಿದ್ದೆ. ಅದಕ್ಕೇ ಮುಂದಿನದು ಇಷ್ಟು ನೋಯಿಸಿತು.

ಅಫಜಲಪುರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಆಳಂದದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಅವನ ತಂದೆ ಇರಲಿಲ್ಲ, ತಂದೆಯ ತಮ್ಮ ಕಾಕಾನೇ ಯಜಮಾನ. ಈ ಕಾಕಾ ದನದ ಸಂತೆಗಳಲ್ಲಿ ದಲಾಲಿ ಮಾಡಿ ತಲೆ ಬೆಳ್ಳಗಾದವನು. ಹೆಣ್ಣು ನೋಡಲು ಇಬ್ಬರೂ ಬಸ್ಸಿನಲ್ಲಿ ಬಂದರು. ನಾನು ಸೀರೆಯುಟ್ಟು, ಒಗ್ಗರಣೆ ಹಾಕಿದ ಚುರುಮುರಿಯ ಸುಸಲಾ ತಟ್ಟೆಗಳನ್ನು ಹಿಡಿದು ಒಳಬಾಗಿಲಲ್ಲಿ ನಿಂತಿದ್ದೆ. ಕಾಕಾ ಒಳಗೇ ಬರಲಿಲ್ಲ. ಅಂಗಳದಲ್ಲಿದ್ದ ಕಾರಿನ ಸುತ್ತ ತಿರುಗುತ್ತಿದ್ದ. ಬಾಗಿ ಹೊಟ್ಟೆಯಡಿ ನೋಡಿದ, ಟೈರನ್ನು ಹೆಬ್ಬೆರಳಿನಿಂದ ಒತ್ತಿದ, ಬಾನೆಟ್ ಎತ್ತಿಸಿದ. ಹಲ್ಲು ನೋಡುವುದೊಂದು ಬಾಕಿ.

"ಬೀಗರ, ಇದರ ಪಿಕಪ್ ಭಾಳ ಅದ ಅಂತ ಕೇಳೀನಿ. ಜರಾ ಓಡಿಸಿ ತೋರಸ್ರಿ" ಎಂದ.

ಇನ್ನೂ ಯಾರೂ ನನ್ನ ಮುಖ ನೋಡಿರಲಿಲ್ಲ, ಆಗಲೇ ಅಪ್ಪ ಬೀಗನಾಗಿಬಿಟ್ಟಿದ್ದ. ಹುಡುಗನಿಗೆ ಗಾಡಿ ಬರದು. ಅಪ್ಪನಿಗೆ ಕಣ್ಣು ಕಾಣದು. ಅಪ್ಪ ಒಳಗೆ ಬಂದು ಮೆಲ್ಲಗೆ "ನೀನೇ ಒಂದು ಸುತ್ತು ಹೊಡಕೊಂಡು ಬಾರವ್ವಾ" ಎಂದ. ತಟ್ಟೆಗಳನ್ನು ಅವ್ವನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಕೂತೆ. ನಾನು ಸ್ಟೇರಿಂಗ್ ಹಿಡಿದದ್ದನ್ನು ಕಂಡು ಕಾಕಾನ ಹುಬ್ಬು ಗಂಟಿಕ್ಕಿತು. ಆದರೂ ಪಕ್ಕದಲ್ಲಿ ಕೂತ. ಅಪ್ಪ ಮತ್ತು ಹುಡುಗ ಹಿಂದೆ.

ಸೇತುವೆಯ ರಸ್ತೆಯಲ್ಲಿ ಕಾಕಾ ಕೇಳಿದ ಮಾತೆಲ್ಲ ಹಿಂದಿನ ಸೀಟಿಗೆ.

"ಬೀಗರ, ಆವರೇಜ್ ಎಷ್ಟು ಕೊಡ್ತದ?"

"ನೆಟ್ಟಗಿನ ರಸ್ತಾಕ್ಕ ಚೊಲೊ ಕೊಡ್ತದ್ರಿ, ಊರಾಗ ಕಮ್ಮಿ" ಎಂದು ನಾನು ಹೇಳಿದೆ.

"ಹಾಂ ಬೀಗರ? ಎಷ್ಟು ಕೊಡ್ತದ ಅಂದ್ರಿ?"

ಅಪ್ಪ ನನ್ನ ಮಾತನ್ನೇ ತಿರುಗಿ ಹೇಳಿದ ಮೇಲೆ ಅದು ಅವನ ಕಿವಿಗೆ ಬಿತ್ತು. ಟೈರು ಎಷ್ಟು ಬಾಳುತ್ತವೆ, ಕ್ಲಚ್ಚು ಬದಲಾಗಿದೆಯೇ, ಇನ್ಶೂರೆನ್ಸ್ ಯಾರ ಹೆಸರಲ್ಲಿದೆ, ಎಲ್ಲಕ್ಕೂ ಹಾಗೆಯೇ ಆಯಿತು. ಗಾಡಿಯ ಸ್ಟೇರಿಂಗ್ ನನ್ನ ಕೈಯಲ್ಲಿದೆ, ಅದು ಯಾವ ಗುಂಡಿಯಲ್ಲಿ ನರಳುತ್ತದೆಂದು ನನಗೊಬ್ಬಳಿಗೇ ಗೊತ್ತು, ಆದರೆ ಉತ್ತರ ಮಾತ್ರ ಅಪ್ಪನ ಬಾಯಿಂದಲೇ ಬರಬೇಕು! ಸಿಟ್ಟಿನಲ್ಲಿ ಕಾಲು ಒತ್ತಿದೆ. ಗಾಡಿ ಎಗರಿತು. ಕಾಕಾ ಒಂದು ಕೈಯಿಂದ ಬಾಗಿಲು, ಇನ್ನೊಂದರಿಂದ ಟೋಪಿ ಹಿಡಿದುಕೊಂಡ.

"ಅಬಬಬ, ದಮ್ ಅದ! ದಮ್ ಅದ!" ಎಂದ. ಹುಡುಗ ಕಿಟಕಿಯಾಚೆಯ ಹೊಲ ನೋಡುತ್ತಿದ್ದ.

ಮನೆಗೆ ಬಂದು ಪಡಸಾಲೆಯಲ್ಲಿ ಕೂತರು. ನಾನು ಕಂಬದ ಪಕ್ಕ ನಿಂತೆ. ಕಾಕಾ ಸುಸಲಾ ಮುಕ್ಕುತ್ತ ಮಾತು ತೆಗೆದ. "ನಮಗೇನೂ ಬ್ಯಾಡ್ರಿ. ಹುಡುಗಗ ಅಫಜಲಪುರದಿಂದ ಆಳಂದಕ್ಕ ಓಡ್ಯಾಡಾಕ ಈ ಗಾಡಿ ಕೊಡ್ರಿ, ಸಾಕು. ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಮನಿಗೆ ಬಂದ ಮ್ಯಾಲ ಹುಡುಗಿ ಗಾಡಿ ಹೊಡಿಯೋದು ಬಂದ್."

ಅಪ್ಪನ ಬಾಯಿಂದ ತಕ್ಷಣ ಬಂತು: "ಆತ್ರಿ."

ಒಂದು ಚೀಲ ತೊಗರಿಗೆ ಅರ್ಧ ದಿನ ಚೌಕಾಶಿ ಮಾಡುವ ಮನುಷ್ಯ ಅವನು. ನನ್ನ ವಿಷಯ ಬಂದಾಗ ಒಂದು ಉಸಿರೂ ತಡೆಯಲಿಲ್ಲ. ನಾನು ಅವನ ಮುಖ ನೋಡಿದೆ, ಅವನ ಮಂಜು ಕಣ್ಣು ಎಲ್ಲೋ ಗೋಡೆಯ ಕಡೆ ಇತ್ತು.

ಕಾಕಾ ಮುಂದುವರಿಸಿದ. "ಗಾಡಿ ಏನೋ ಕೊಡ್ತೀರಿ. ಅದರ ಮೇವು? ಮಾಸ್ತರನ ಪಗಾರದಾಗ ಪೆಟ್ರೋಲ್, ಟೈರು, ರಿಪೇರಿ ಎಲ್ಲಾ ಹ್ಯಾಂಗ ಆಗಬೇಕು? ಎಷ್ಟು ವರ್ಷ ನೀವು ನೋಡ್ಕೋತೀರಿ, ಅದನ್ನ ಬಟ್ಟಿ ಒಳಗ ಮಾತಾಡೋಣ." ಹೆಗಲ ಟವೆಲ್ಲು ತೆಗೆದು ಇಬ್ಬರ ಕೈ ಮೇಲೆ ಹರಡಿದ.

ದನದ ಸಂತೆಯಲ್ಲಾಗಲಿ ಅಡತಿಯಲ್ಲಾಗಲಿ ನಮ್ಮ ಕಡೆ ದರ ಮುರಿಯುವುದು ಹೀಗೆ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿಯುತ್ತಾರೆ, ಹಿಡಿದ ಬೆರಳೆಷ್ಟೋ ದರ ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಅಂಗಡಿಯಲ್ಲಿ ಹುಟ್ಟಿನಿಂದ ಅದನ್ನು ನೋಡಿದವಳು ನಾನು. ಎತ್ತಿಗೆ ಆಗಬಹುದು, ತೊಗರಿಗೆ ಆಗಬಹುದು. ಆದರೆ ನಾನು ಅಲ್ಲೇ ನಿಂತಿದ್ದೆ, ನನಗೆ ಕಿವಿಯಿತ್ತು, ಓದು ಬರಹ ಇತ್ತು. ನನ್ನ ಬಾಳಿನ ಮಾತು ನನಗೆ ಕಾಣದಂತೆ ಒಂದು ಬೆವರು ವಾಸನೆಯ ಬಟ್ಟೆಯ ಕೆಳಗೆ ನಡೆಯುತ್ತಿತ್ತು. ಟವೆಲ್ಲು ಅತ್ತಿತ್ತ ಅಲುಗುತ್ತಿತ್ತು. ಕಾಕಾ "ಊಹೂಂ" ಎನ್ನುವನು, ಅಪ್ಪ ಮುಖ ಸಣ್ಣದು ಮಾಡುವನು.

ಹೋಗಿ ಟವೆಲ್ಲು ಕಿತ್ತೆಸೆದೆ.

ಅಪ್ಪನ ಅಂಗೈ ಬಯಲಾಯಿತು. ಅವನು ಎರಡು ಬೆರಳು ಮಡಚಿಕೊಂಡಿದ್ದ, ಮೂರು ವರ್ಷ ಎನ್ನುವಂತೆ. ಕಾಕಾ ಮಡಚಿದ ಬೆರಳುಗಳನ್ನು ಬಿಡಿಸುತ್ತಿದ್ದ. ಒಂದನ್ನು ಆಗಲೇ ಬಿಡಿಸಿ ನಾಲ್ಕು ಮಾಡಿದ್ದ.

"ಏನಿದು, ಹೆಣ್ಣುಮಗಳಾಗಿ!" ಎಂದು ಕಾಕಾ ಎದ್ದು ನಿಂತ.

"ಗಾಡಿ ಹೊಡಿಯೋದು ಬಂದ್ ಅಂದ್ರಲ್ರಿ, ಅದಕ್ಕ ಎಷ್ಟು ಬೆರಳು ಹಿಡಿದ್ರಿ?" ಎಂದು ಕೇಳಿದೆ. "ಗಾಡಿ ಮೇವಿಗೆ ಇಷ್ಟು ಜಗ್ಗಾಡಾಕತ್ತೀರಿ. ನನ್ನ ಸಲುವಾಗಿ ಯಾರೂ ಒಂದು ಬೆರಳೂ ಜಗ್ಗಲಿಲ್ಲ. ಈ ಲಗ್ನ ನನಗ ಬ್ಯಾಡ."

ಹುಡುಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ, ಆ ದಿನ ಮೊದಲ ಸಲ. ಕಾಕಾ ನೆಲದಿಂದ ಟವೆಲ್ಲು ಎತ್ತಿ, ಝಾಡಿಸಿ ಹೆಗಲಿಗೆ ಹಾಕಿಕೊಂಡು, "ನಡಿಯೋ, ಬಸ್ಸಿಗೆ ಹೊತ್ತಾತು" ಎಂದ.

ಬಸ್ಸಿಗೆ ನಿಜವಾಗಿಯೂ ಹೊತ್ತಾಗಿತ್ತು. ಇಷ್ಟಾದ ಮೇಲೂ ಅಪ್ಪನಿಗೆ ಮನೆಗೆ ಬಂದವರ ಚಿಂತೆ. "ಅಫಜಲಪುರದ ಬಸ್ಸು ತಪ್ಪಿದ್ರ ಅವರು ಎಲ್ಲಿಗೆ ಹೋಗಬೇಕು? ಸ್ಟ್ಯಾಂಡಿನ ತನಕ ಬಿಟ್ಟು ಬಾ" ಎಂದ. ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಹಲ್ಲು ಕಚ್ಚಿ ಹೋಗಿ ಕೂತೆ. ಅಂಗಳದಿಂದ ಸ್ಟ್ಯಾಂಡಿನವರೆಗೆ ಗಾಡಿ ಹಾರಿಸಿಕೊಂಡು ಹೋದೆ. ಎದುರಿನ ಎತ್ತಿನಗಾಡಿಗಳ ನಡುವೆ ನುಸುಳಿ, ಹೊರಡಲು ಗುರ್‌ಗುಟ್ಟುತ್ತಿದ್ದ ಬಸ್ಸಿನ ಮುಂದೆಯೇ ಬ್ರೇಕು ಹಾಕಿದೆ. ಹುಡುಗ ಇಳಿದು ಓಡಿದ. ಕಾಕಾ ಇಳಿದವನು ಮತ್ತೆ ಬಾಗಿ ಕಿಟಕಿಯೊಳಗೆ ತಲೆ ಹಾಕಿದ. ಬೈಯುತ್ತಾನೆಂದು ನಾನೂ ಬಾಯಿ ಸಜ್ಜು ಮಾಡಿಕೊಂಡೆ.

"ಗಾಡಿ ಭಾಳ ಚೊಲೊ ಅದವ್ವ. ನಿಮ್ಮಪ್ಪಗ ಹೇಳು, ಮಾರೋದಿದ್ರ ಪೈಲೆ ನಮಗ ತಿಳಸ್ರಿ" ಎಂದ. ಟಾಪಿನ ಮೇಲೆ ಎರಡು ಸಲ ತಟ್ಟಿ ಬಸ್ಸು ಹತ್ತಿದ.

ನಾನು ತಿರುಗಿ ಬಂದಾಗ ಅಪ್ಪ ಅದೇ ಜಾಗದಲ್ಲಿ ಕೂತಿದ್ದ. ಗಾಡಿಯ ಸದ್ದು ನಿಂತದ್ದು ಕೇಳಿ ಮುಖ ಎತ್ತಿದ.

"ಬಸ್ಸು ಸಿಕ್ತೇನು?"

"ಸಿಕ್ತು."

"ಏನಂದ್ರು?"

"ಗಾಡಿ ಚೊಲೊ ಅದ ಅಂದ್ರು."

ಅಪ್ಪ ನನ್ನ ದನಿ ಬಂದ ಕಡೆ ತಿರುಗಿದ. ಆಮೇಲೆ ಅಳುಕುತ್ತಲೇ ಕೇಳಿದ, "ನಿನ್ನ ಬಗ್ಗೆ ಏನಂದ್ರು ಬೇ?"

"ಏನೂ ಅನಲಿಲ್ಲ. ನೀನೂ ಅನಲಿಲ್ಲ" ಎಂದು ಹೇಳಿ ಒಳಗೆ ಹೋದೆ.