ಕೆರೆ ಅಂಗಳದ ವಿಮಾನ, ಮುತ್ತಮ್ಮನ ಅಪ್ಪ

ನಮ್ಮ ಬೀದಿಯಲ್ಲಿ ಗುಟ್ಟು ಹೇಳಬೇಕಾದರೆ ಕರೆಂಟು ಇದ್ದಾಗಲೇ ಹೇಳಬೇಕು. ದೊಡ್ಡಬಳ್ಳಾಪುರದ ನೇಕಾರರ ಬೀದಿ ಇದು. ಎದುರುಬದುರು ಹನ್ನೊಂದು ಮನೆಗಳಲ್ಲಿ ಪವರ್‌ಲೂಮು ಬಡಿಯುವಾಗ ಪಕ್ಕದವನ ಮಾತೂ ಕಿವಿಗೆ ಬೀಳುವುದಿಲ್ಲ. ಕರೆಂಟು ಹೋಯಿತೋ, ಆಕಳಿಸಿದರೂ ಊರಿಗೇ ಗೊತ್ತಾಗುತ್ತದೆ. ಮುತ್ತಮ್ಮನವರಿಗೆ ಮಾತ್ರ ಕರೆಂಟು ಹೋದರೂ ಕೇಳಿಸುವುದು ಅಷ್ಟಕ್ಕಷ್ಟೆ. ಮೂವತ್ತೆಂಟು ವರ್ಷ ಮಗ್ಗದ ಶೆಡ್ಡುಗಳಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದವರು. ಅವರ ಕಿವಿಯನ್ನು ಆ ಮಗ್ಗಗಳೇ ತಿಂದುಕೊಂಡವು. ಅದಕ್ಕಾಗಿ ಯಾರೂ ಅವರಿಗೆ ಏನೂ ಕೊಡಲಿಲ್ಲ, ಅವರು ಕೇಳಲೂ ಇಲ್ಲ.

ಈಗ ಅವರಿಗೆ ಎಂಬತ್ತೊಂದು. ಗಂಡ ವೆಂಕಟರಮಣಪ್ಪ ಹೋಗಿ ಬಹಳ ಕಾಲವಾಯಿತು. ಮಗ ಭೀಮರಾಜ್ ನಗರಸಭೆಯಲ್ಲಿ ನೀರಿನ ಪಂಪು ನಡೆಸುತ್ತಾನೆ. ಮೊಮ್ಮಗಳು ಮೋನಿಷಾ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಓದುತ್ತಾಳೆ. ನಾನು ಅವರ ಎದುರುಮನೆಯವನು. ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಮುತ್ತಮ್ಮನವರ ಬಗ್ಗೆ ಬರೆಯುತ್ತೇನೆ ಎಂದಾಗ ಬೀದಿಯವರು ನಕ್ಕರು. ಕಂಡಿಕೆ ಸುತ್ತಿದವಳ ಬಗ್ಗೆ ಬರೆಯೋಕೆ ಏನಿದೆ ಮೇಷ್ಟ್ರೇ, ಎಂದರು. ಬರೆಯೋಕೆ ಏನಿರಬೇಕು ಎಂದು ಇವರೆಲ್ಲ ತಿಳಿದುಕೊಂಡಿದ್ದಾರೋ ನನಗೆ ಗೊತ್ತಿಲ್ಲ.

ಮುತ್ತಮ್ಮ ಹುಟ್ಟಿದ್ದು ನಂದಿ ಬೆಟ್ಟದ ಕಡೆ, ಆವತಿಯಿಂದ ಮುಂದಿರುವ ಒಂದು ಸಣ್ಣ ಊರಿನಲ್ಲಿ. ಅವರ ಅಪ್ಪ ಪಿಳ್ಳಪ್ಪ ಒಂದು ಕಾಲಕ್ಕೆ ಆ ಊರಿನ ನೀರಗಂಟಿ. ಕೆರೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಕೆಲಸ. ನೀರು ಬಿಡುವವನು ಅವನು, ಆದರೆ ಆ ನೀರು ಮುಟ್ಟಿದರೆ ಮೈಲಿಗೆ ಎನ್ನುವ ಕಾಲ. ಪಟೇಲರ ಎದುರಿಗೆ ಬಂದರೆ ತಲೆಯ ವಸ್ತ್ರ ಕಂಕುಳಿಗೆ ಹೋಗಬೇಕು, ಬಾಯಿ ಮುಚ್ಚಬೇಕು. ಪಿಳ್ಳಪ್ಪ ಹಾಗೇ ಬದುಕಿದ. ಎದುರುತ್ತರ ಕೊಟ್ಟವನಲ್ಲ, ಬಾಯಿಬಿಟ್ಟು ಏನನ್ನೂ ಬೇಡಿದವನಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವನ ಬಾಯಿಗೆ ಬೀಗವಿರಲಿಲ್ಲ. ತಾನು ವಿಮಾನದಲ್ಲಿ ಹಾರಿದ್ದೇನೆ ಎಂದು ಹೇಳುತ್ತಿದ್ದ.

ಮುತ್ತಮ್ಮ ಹುಟ್ಟುವುದಕ್ಕೆ ಬಹಳ ಮುಂಚೆ, ಒಂದು ಬೇಸಿಗೆಯಲ್ಲಿ, ಬತ್ತಿದ ಕೆರೆಯ ಅಂಗಳಕ್ಕೆ ಒಂದು ವಿಮಾನ ಇಳಿಯಿತಂತೆ. ಬಿಳಿಯ ದೊರೆಯೊಬ್ಬನೇ ಇದ್ದನಂತೆ. ಮೂರು ದಿನ ಪಿಳ್ಳಪ್ಪ ಅದಕ್ಕೆ ಕಾವಲಿದ್ದನಂತೆ. ಹೊರಡುವ ದಿನ ದೊರೆ ಇವನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿ ಇಳಿಸಿದನಂತೆ. "ಮೇಲಿಂದ ನೋಡಿದ್ರೆ ನಮ್ ಕೆರೆ ಥೇಟ್ ಮೊರ ಕಣ್ರಪ್ಪ. ಏರಿ ಕಡೆ ಮೊರದ ಬೆನ್ನು, ನೀರು ಬರೋ ಕಡೆ ಮೊರದ ಬಾಯಿ" ಎನ್ನುತ್ತಿದ್ದನಂತೆ. ಊರವರು ಬಿದ್ದು ಬಿದ್ದು ನಗುತ್ತಿದ್ದರು. ವಿಮಾನ ಬಂದದ್ದನ್ನು ಕಂಡವರಿದ್ದರು. ಆದರೆ ಪಟೇಲರೇ ಹತ್ತದ ವಿಮಾನವನ್ನು ನೀರಗಂಟಿ ಹತ್ತಿದ ಎಂದರೆ ನಂಬುವವರು ಯಾರು? ಏರೋಪ್ಲೇನ್ ಪಿಳ್ಳ ಎಂದು ಅಡ್ಡಹೆಸರು ಬಿತ್ತು.

ಆ ಹೆಸರು ಮಗಳ ಹಿಂದೆ ದೊಡ್ಡಬಳ್ಳಾಪುರಕ್ಕೂ ಬಂತು. ಹಬ್ಬಕ್ಕೆ ಬೀಗರು ಬರುವುದು ತಡವಾದರೆ ಅತ್ತೆ ಆಕಾಶ ನೋಡುತ್ತಿದ್ದರಂತೆ. ಕೊನೆಗೆ ಭೀಮರಾಜನ ನಾಮಕರಣದ ದಿನ, ಮಗ್ಗದವರೆಲ್ಲ ಊಟಕ್ಕೆ ಕೂತಿದ್ದಾಗ ಪಿಳ್ಳಪ್ಪ ಮತ್ತೆ ಶುರು ಮಾಡಿದ. ನಗು ಎಲ್ಲೆ ಮೀರಿತು. ವೆಂಕಟರಮಣಪ್ಪ ತಲೆತಗ್ಗಿಸಿ ಎದ್ದುಹೋದ. ಮುತ್ತಮ್ಮ ಅಪ್ಪನನ್ನು ಒಳಗೆ ಕರೆದು, "ಇನ್ನೂ ಆ ಸುಳ್ಳು ಹೇಳೋದಾದ್ರೆ ನಮ್ಮನೆ ಹೊಸ್ತಿಲು ತುಳೀಬೇಡ ಕಣಪ್ಪ" ಎಂದರು. ಅವನು ಆಗಲಿ ಎಂದ. ಆಮೇಲೆ ಹನ್ನೊಂದು ವರ್ಷ ಬದುಕಿದ್ದ, ಬಂದು ಹೋಗಿ ಮಾಡುತ್ತಿದ್ದ, ವಿಮಾನದ ಮಾತು ಎತ್ತಲಿಲ್ಲ. ಸಾಯುವಾಗಲೂ ಎತ್ತಲಿಲ್ಲ. ಇದನ್ನು ಮುತ್ತಮ್ಮ ನನಗೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಅದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಅವ್ನು ಹೇಳಿದ್ದು ನಿಜ ಆಗಿದ್ರೆ, ನಿಜ ಹೇಳೋನ ಬಾಯಿ ಮುಚ್ಚಿಸಿದ ಪಾಪ ನಂದು ಮೇಷ್ಟ್ರೇ."

ಕಳೆದ ವರ್ಷ ಮೋನಿಷಾಳ ಕಾಲೇಜಿನ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಗುಂಪಿಗೆ ಒಂದು ಚಿತ್ರ ಕಳಿಸಿದರು. ಇಂಗ್ಲೆಂಡಿನ ಯಾವುದೋ ಸಣ್ಣ ಸಂಗ್ರಹಾಲಯದವರು ಲಿಸ್ಟರ್ ಎಂಬ ವಿಮಾನಿಯ ಕಾಗದಪತ್ರಗಳನ್ನು ಜಾಲತಾಣದಲ್ಲಿ ಹಾಕಿದ್ದರು. ೧೯೩೨ರಲ್ಲಿ ಇವನು ಅಂಗೈಯಗಲದ ಒಂದು ವಿಮಾನದಲ್ಲಿ ಇಂಗ್ಲೆಂಡಿನಿಂದ ಕೊಲಂಬೊವರೆಗೆ ಒಂಟಿಯಾಗಿ ಹಾರಿದವನು. ಅಷ್ಟು ದೂರ ಹಾಗೆ ಬಂದವರಲ್ಲಿ ಮೊದಮೊದಲಿನವನು. ಸುರುಳಿ ಸುತ್ತಿದ ಉದ್ದುದ್ದ ನಕ್ಷೆಗಳು, ಹವಾಮಾನದ ಚೀಟಿಗಳು, ದಿನಚರಿ, ಎಲ್ಲ ಇದ್ದವು. ಒಂದು ಹಾಳೆಯನ್ನು ಮಾತ್ರ ಅವರಿಗೆ ಓದಲಾಗಿರಲಿಲ್ಲ. ಭಾರತದ ಯಾವುದೋ ಪುರೋಹಿತರ ಆಶೀರ್ವಾದವಿರಬಹುದು ಎಂದು ಅಡಿಯಲ್ಲಿ ಬರೆದು, ಓದಬಲ್ಲವರು ತಿಳಿಸಬೇಕು ಎಂದು ಕೋರಿದ್ದರು. ಮೋನಿಷಾಗೆ ಬಂದದ್ದು ಆ ಹಾಳೆಯ ಚಿತ್ರ, ಬರಹ ಕನ್ನಡ.

ಅದು ಆಶೀರ್ವಾದವೂ ಅಲ್ಲ, ಮಂತ್ರವೂ ಅಲ್ಲ. ಬೀಡಾಡಿ ದನವನ್ನು ದೊಡ್ಡಿಯಿಂದ ಬಿಡಿಸಿಕೊಂಡು ಹೋಗುವಾಗ ಬರೆದುಕೊಡುವ ಮುಚ್ಚಳಿಕೆ. ನಮ್ಮ ಶಾನುಭೋಗರ ಪದ್ಧತಿಯೇ ಹಾಗೆ. ಊರ ಎಲ್ಲೆಯೊಳಗೆ ಯಾವುದೇ ವಸ್ತು ಬಂದು ಹೋದರೆ ಕಾಗದ ಆಗಲೇಬೇಕು. ವಿಮಾನಕ್ಕೆ ಸರ್ಕಾರ ನಮೂನೆ ಕೊಟ್ಟಿರಲಿಲ್ಲ, ದನಕ್ಕೆ ಕೊಟ್ಟಿತ್ತು. ಅವರು ಅದನ್ನೇ ತುಂಬಿಸಿದ್ದರು. ಬಣ್ಣ: ಬೆಳ್ಳಿ. ಕೊಂಬು: ಇರುವುದಿಲ್ಲ. ಸುಳಿ: ಮುಖದ ಮೇಲೆ ಒಂದು, ಮರದ್ದು, ತಿರುಗತಕ್ಕದ್ದು. ಗುಣ: ಸಾಧು. ವಾರಸುದಾರ: ಇಂಗ್ಲೆಂಡ್ ದೇಶದ ದೊರೆ ಒಬ್ಬರು. ಕಾವಲು ಇದ್ದವನು: ನೀರಗಂಟಿ ಪಿಳ್ಳ. ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಮೇಲೆ ಊರಿನ ಹೆಸರು.

ಮೋನಿಷಾ ಅದನ್ನು ಓದಿ ರೈಲಿನಲ್ಲೇ ಅತ್ತಳಂತೆ. ಮನೆಗೆ ಬಂದು ಅಜ್ಜಿಗೆ ಹೆಬ್ಬೆಟ್ಟು ತೋರಿಸಿದಳು. ಅದು ಗೋಡೆಗೆ ಹಾಕುವ ಫೋಟೊ ಎಂಬಂತೆ ಮುತ್ತಮ್ಮ ಮೊಬೈಲನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು: "ಹಾರಿದ್ನಾ ಇಲ್ವಾ, ಅದನ್ನ ನೋಡು."

ಅದು ದಿನಚರಿಯಲ್ಲಿರಬೇಕು. ದಿನಚರಿ ಇಂಗ್ಲಿಷಿನದು, ಕೋಳಿ ಕೆದಕಿದಂಥ ಅಕ್ಷರ. ಮೋನಿಷಾಗೆ ಎರಡು ಸಾಲು ದಾಟಲಾಗಲಿಲ್ಲ. ಮೂವತ್ತೆರಡು ವರ್ಷ ಎಂಥೆಂಥ ಅಕ್ಷರ ತಿದ್ದಿದವನಿಗೆ ಇದೊಂದು ಲೆಕ್ಕವೇ ಎಂದು ಜಂಬದಿಂದ ತೆಗೆದುಕೊಂಡೆ. ನಾಲ್ಕು ದಿನ ಹಿಡಿಯಿತು. ಮುಗಿದ ಮೇಲೆ ಮೋನಿಷಾಳನ್ನು ಕರೆದು ಏನಿದೆ ಎಂದು ಹೇಳಿದೆ.

"ಸಾರ್, ಹಾರಿದ ಅಂತ ಹೇಳ್ಬಿಡಿ. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಯಾರಿಗ್ ಗೊತ್ತಾಗುತ್ತೆ?" ಎಂದಳು.

"ಇತಿಹಾಸ ಓದೋಳು ನೀನು."

"ಇತಿಹಾಸ ಕಾಲೇಜಲ್ಲಿ ಸಾರ್. ಇದು ನಮ್ಮಜ್ಜಿ."

ಅವಳ ಮಾತು ನನಗೆ ಹಿಡಿಸಿತು, ಸುಳ್ಳು ಹೇಳುವುದಿಲ್ಲ. ಹಾರಿದ ಎಂದೇ ಹೇಳಿಬಿಡೋಣ ಎಂದು ರಾತ್ರಿಯೆಲ್ಲ ಅಂದುಕೊಂಡೆ. ಆದರೆ ಹಾರಿದ ಎಂದರೆ ಮುತ್ತಮ್ಮನ ತಲೆಗೆ ಆ ಪಾಪ ಕಟ್ಟಿದಂತೆ. ಹಾರಲಿಲ್ಲ ಎಂದರೆ ಅವರಪ್ಪ ಸುಳ್ಳ. ಎರಡರಲ್ಲಿ ಯಾವುದು ಕಡಿಮೆ ನೋವು ಎಂದು ಅಳೆಯಲು ನಾನ್ಯಾರು? ಇದ್ದದ್ದನ್ನು ಇದ್ದ ಹಾಗೆ ಓದುವುದೆಂದು ತೀರ್ಮಾನಿಸಿದೆ. ಅದರಲ್ಲಿ ನನ್ನ ದೊಡ್ಡತನವೇನಿಲ್ಲ, ಸುಳ್ಳು ಹೇಳುವ ಧೈರ್ಯ ಸಾಲಲಿಲ್ಲ ಅಷ್ಟೆ.

ತಿಂಗಳಿಗೊಮ್ಮೆ ಲೈನು ರಿಪೇರಿಗೆಂದು ಹಗಲಿಡೀ ಕರೆಂಟು ತೆಗೆಯುತ್ತಾರೆ. ಆ ದಿನ ಮುತ್ತಮ್ಮನವರ ಜಗಲಿಯ ಮೇಲೆ ಕೂತೆ. ಅವರಿಗೆ ಕೇಳಿಸಬೇಕಾದರೆ ಕೂಗಿ ಓದಬೇಕು. ಮಗ್ಗ ನಿಂತು ಕೈ ಖಾಲಿಯಿದ್ದ ಬೀದಿಯವರೆಲ್ಲ ಒಬ್ಬೊಬ್ಬರೇ ಬಂದು ನಿಂತರು. ಪಕ್ಕದ ಶೆಡ್ಡಿನ ಮಾಲೀಕ ಅಪ್ಪಯ್ಯಣ್ಣ ಕುರ್ಚಿಯನ್ನೇ ತಂದು ಹಾಕಿಕೊಂಡ. "ಓದಿ ಮೇಷ್ಟ್ರೇ, ಏರೋಪ್ಲೇನ್ ಏನಾಯ್ತು ನೋಡೋಣ" ಎಂದ.

ಓದಿದೆ. ನಂದಿ ಬೆಟ್ಟ ದಾಟುವಾಗ ಪೆಟ್ರೋಲಿನ ಕೊಳವೆ ಒಡೆದು ಲಿಸ್ಟರ್ ಕೆರೆಯಂಗಳಕ್ಕೆ ಇಳಿದಿದ್ದ. ಹೊಸ ಕೊಳವೆ ಬೆಂಗಳೂರಿನಿಂದ ಬರಲು ಮೂರು ದಿನ. ಇಳಿದದ್ದೇನೋ ಆಯಿತು, ಏರುವುದು ಹೇಗೆ? ಅಂಗಳ ಮೇಲೆ ಒಣಗಿದಂತೆ ಕಂಡರೂ ಅಲ್ಲಲ್ಲಿ ಒಳಗೆ ಹಸಿ, ಗಾಲಿ ಹೂತುಹೋದರೆ ವಿಮಾನ ಮಗುಚುತ್ತದೆ. ಆಗ ಕಾವಲಿದ್ದ ನೀರಿನವನು ನೆಲದ ಮೇಲೆ ಬೂದಿ ಹರಡಿ ಕಡ್ಡಿಯಿಂದ ಇಡೀ ಕೆರೆಯನ್ನು ಬರೆದು ತೋರಿಸಿದ. ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ, ಎಲ್ಲ ಗುರುತು ಮಾಡಿದ. ಬರಿಗಾಲಲ್ಲಿ ಮುಂದೆ ನಡೆದು, ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತ ಓಡುವ ದಾರಿ ಗೊತ್ತುಮಾಡಿಕೊಟ್ಟ. ಲಿಸ್ಟರ್ ಆ ಬೂದಿಯ ಚಿತ್ರವನ್ನು ತನ್ನ ನಕ್ಷೆಯ ಬೆನ್ನಿಗೆ ನಕಲು ಮಾಡಿಕೊಂಡಿದ್ದ. ಮೋನಿಷಾ ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಅಜ್ಜಿಗೆ ಹಿಡಿದಳು.

"ಮೊರ" ಎಂದರು ಮುತ್ತಮ್ಮ.

ಹೊರಡುವ ಬೆಳಿಗ್ಗೆಯ ಪುಟಕ್ಕೆ ಬಂದೆ. ಊರು ಇನ್ನೂ ಎದ್ದಿರಲಿಲ್ಲ, ಕೆರೆಯಂಗಳದಲ್ಲಿ ಪಟೇಲರು, ಶಾನುಭೋಗರು, ನೀರಿನವನು ಮೂವರೇ. ಉಪಕಾರಕ್ಕೆ ಪ್ರತಿಯಾಗಿ ಒಂದು ಸುತ್ತು ಹಾಕಿಸುತ್ತೇನೆ ಎಂದು ಲಿಸ್ಟರ್ ಪಟೇಲರನ್ನು ಕರೆದ. ಪಟೇಲರು ಹೆದರಿ ಒಲ್ಲೆ ಎಂದರು. ಶಾನುಭೋಗರೂ ಮುಂದೆ ಬರಲಿಲ್ಲ. ಆಗ ನೀರಿನವನು ಎರಡು ಹೆಜ್ಜೆ ಮುಂದೆ ಬಂದು, ನಾನು ಬರಲೇ, ಎಂದ. ಪಟೇಲರು ಅವನ ಮೇಲೆ ಕೂಗಾಡಿದರು. ಲಿಸ್ಟರ್ ಕರೆದುಕೊಂಡು ಹೋಗಲು ಸಿದ್ಧನಿದ್ದ. ಅರೆಬರೆ ಇಂಗ್ಲಿಷ್ ಬಲ್ಲ ಶಾನುಭೋಗರು ಅವನನ್ನು ಪಕ್ಕಕ್ಕೆ ಕರೆದು, ಇವನನ್ನು ಹತ್ತಿಸಿದರೆ ನೀವು ಹೋದ ಮೇಲೆ ಇವನು ಈ ಊರಲ್ಲಿ ಬಾಳಲಾರ, ಎಂದರು. ಲಿಸ್ಟರ್ ಒಬ್ಬನೇ ಹಾರಿದ. ಮೇಲೇರಿ, ಕೆರೆಯ ಸುತ್ತ ಒಂದು ಸಲ ತಿರುಗಿ ಕೆಳಗೆ ನೋಡಿದ. ಆ ಚಿತ್ರದ ಅಡಿಯಲ್ಲಿ ಬರೆದಿದ್ದ: ಮೇಲಿನಿಂದ ನೋಡಿದೆ. ಎಂದೂ ಮೇಲೆ ಹೋಗದವನು ಬರೆದದ್ದು ಸರಿಯಾಗಿದೆ.

ಅಪ್ಪಯ್ಯಣ್ಣ ತಡೆಯಲಾರದೆ, "ಅಂದ್ರೆ ಹಾರಲಿಲ್ಲ ಅನ್ನಿ. ಬುರುಡೆನೇ" ಎಂದ. ನನಗೆ ಅವನ ಕುರ್ಚಿ ಒದೆಯಬೇಕೆನಿಸಿತು.

ಮುತ್ತಮ್ಮ ಅವನ ಕಡೆ ನೋಡಲಿಲ್ಲ. ಕಿವಿಯ ಹಿಂದೆ ಅಂಗೈ ಇಟ್ಟು, "ಇನ್ನೊಂದ್ ಸಲ ಓದಿ ಮೇಷ್ಟ್ರೇ. ಅವ್ನು ಮುಂದೆ ಬಂದಿದ್ದು" ಎಂದರು.

ಓದಿದೆ.

"ಪಟೇಲ್ರು ಅಲ್ಲೇ ಇದ್ರಾ?"

"ಅಲ್ಲೇ ಇದ್ರು ಅಂತ ಬರ್ದಿದಾನೆ."

"ಅವ್ರ ಎದುರಿಗೇ ಬರ್ಲಾ ಅಂದ್ನಾ ನಮ್ಮಪ್ಪ? ಬಾಯ್ಬಿಟ್ಟು?"

ಹೌದು ಎಂದು ಕೂಗಿದೆ. ಮುತ್ತಮ್ಮನವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸೆರಗಿಗೆ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಮೋನಿಷಾ, "ಅಜ್ಜಿ, ಹಾರದೆ ಇದ್ರೇನಂತೆ" ಎಂದು ಸಮಾಧಾನಕ್ಕೆ ಹೊರಟಳು. ಮುತ್ತಮ್ಮ ಅವಳ ಕೈ ಸರಿಸಿದರು.

"ಆ ಮಳೆಗಾಲಕ್ಕೇ ತೂಬಿನ ಕೆಲ್ಸ ಕಿತ್ಕೊಂಡು ನಮ್ ದೊಡ್ಡಪ್ಪಂಗೆ ಕೊಟ್ರು" ಎಂದರು. "ಯಾಕೆ ಅಂತ ನಮ್ಮವ್ವಂಗೂ ಗೊತ್ತಿರ್ಲಿಲ್ಲ." ಆಮೇಲೆ ಬೀದಿಯ ಕಡೆಗೆ ತಿರುಗಿ, ಕಿವುಡರು ಮಾತಾಡುವಷ್ಟು ಜೋರಾಗಿ ಹೇಳಿದರು:

"ಹಾರ್ದೆ ಅಂದ್ರೆ ನಗ್ತಾರೆ. ಹತ್ತಿಸ್ಕೊಳ್ಳಿ ಅಂತ ಪಟೇಲ್ರ ಎದುರಿಗೆ ಬೇಡ್ದೆ ಅಂದ್ರೆ ಕೊಂದಾಕ್ತಾರೆ. ಹೆಂಡ್ತಿ ಮಕ್ಳು ಇದ್ದೋನು, ಇನ್ನೇನ್ ಹೇಳಿಯಾನು? ನಗೋದನ್ನೇ ಹೇಳ್ದ."

ಅಪ್ಪಯ್ಯಣ್ಣ ಕುರ್ಚಿ ಎತ್ತಿಕೊಂಡು ಒಳಗೆ ಹೋದ. ನಾನು ಆ ಪುಟವನ್ನು ನಾಲ್ಕು ದಿನ ಕಣ್ಣಿಗೆ ಹಿಡಿದು ಓದಿದ್ದೆ. ಈ ಅರ್ಥ ನನಗೆ ಹೊಳೆದಿರಲಿಲ್ಲ.