ಎಡಗಡೆಯ ಕುರ್ಚಿ ಮತ್ತು ಎರಡು ಮುಚ್ಚಳ ಅರಿಷ್ಟ

ನನ್ನ ಮೊಮ್ಮಗಳು ನಿಧಿ ಹೋದ ವಾರದಿಂದ ನನ್ನ ಜೊತೆ ಠೂ ಬಿಟ್ಟಿದ್ದಾಳೆ.

ಫೋನಿನಲ್ಲಿ ಕೊನೆಯ ಸಲ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಜ್ಜಿ, ನೀವ್ಯಾಕೆ ಹೇಳಿದ್ರಿ? ಸುಮ್ನೆ ಇರ್ಬೋದಿತ್ತಲ್ವಾ?" ಆಮೇಲೆ ಫೋನು ತಮ್ಮನ ಕೈಗೆ ಹೋಯಿತು. ಅವನೂ ಮಾತಾಡಲಿಲ್ಲ. (ಅಕ್ಕ ಠೂ ಬಿಟ್ಟರೆ ತಮ್ಮನೂ ಬಿಡಬೇಕು. ಅದು ಅವರ ಮನೆಯ ಕಾನೂನು.)

ಎದುರಿಗೆ ಕೂತು ಮಾತಾಡುವುದು ನನಗೆ ಮೊದಲಿಂದಲೂ ಆಗದ ಕೆಲಸ. ಬರೆಯುವುದು ಹೇಗೋ ಆಗುತ್ತದೆ. ಅದಕ್ಕೇ ಈ ವಾರದ ಬರಹ ಆ ಇಬ್ಬರಿಗೆ. ಪ್ರತಿ ವಾರ ಓದುವ ನೀವೂ ಓದಬಹುದು. ನಿಮ್ಮ ಅಡುಗೆಮನೆಯಲ್ಲೂ ಈ ಕತೆಯಲ್ಲಿ ಬರುವಂಥ ಬಾಟಲಿ ಇದ್ದೀತು.

ನನ್ನ ಮಗಳು ರೇಣುಕಾ, ಅಂದರೆ ಈ ಮಕ್ಕಳ ಅವ್ವ, ಒಂದು ರಾತ್ರಿಯ ಮಟ್ಟಿಗೆ ಕಮತಗಿಗೆ ಬಂದಿದ್ದಳು. ಮರುದಿನ ಸಂಜೆ ಅವಳು ಮೊದಲ ಸಲ ಕ್ಯಾಪ್ಟನ್ ಆಗಿ ವಿಮಾನ ಹಾರಿಸಬೇಕಿತ್ತು. ಬೆಂಗಳೂರಿನಿಂದ ಹೈದರಾಬಾದಿಗೆ. ಪಕ್ಕದಲ್ಲಿ ಕೂತು ತಪ್ಪು ಹುಡುಕುವ ಪರೀಕ್ಷಕರು ಯಾರೂ ಇಲ್ಲದೆ. ಮಕ್ಕಳಿಗೂ ಅವರಪ್ಪನಿಗೂ ಅದೇ ವಿಮಾನದಲ್ಲಿ ಟಿಕೆಟ್ ಆಗಿತ್ತು. ನಿಧಿ ಹೊಸ ಫ್ರಾಕು ತೆಗೆದುಕೊಂಡಿದ್ದಳು. ರೇಣುಕಾ ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋಗಲು ಬಂದಿದ್ದಳು, ಅಷ್ಟೇ.

ಮೊದಲ ಸಲ ಅಂದರೆ ಅವಳೇನು ಹೊಸಬಳಲ್ಲ. ಹತ್ತಾರು ವರ್ಷ ಮಿಲಿಟರಿಯಲ್ಲಿ ಹೆಲಿಕಾಪ್ಟರ್ ಹಾರಿಸಿದವಳು. ಹಿಮದ ಬೆಟ್ಟಗಳ ಮೇಲೆ, ನಮ್ಮ ಅಂಗಳದಷ್ಟು ಜಾಗದಲ್ಲಿ ಇಳಿಸಿ, ಗಾಯಗೊಂಡವರನ್ನು ಹತ್ತಿಸಿಕೊಂಡು ಬರುತ್ತಿದ್ದಳಂತೆ. ನನಗೆ ಹೇಳುತ್ತಿದ್ದದ್ದು ಕಡಿಮೆ. ರಜೆಗೆ ಬಂದಾಗ ಮೂಗಿನ ತುದಿ ಚಳಿಗೆ ಸುಟ್ಟು ಸಿಪ್ಪೆ ಎದ್ದಿರುತ್ತಿತ್ತು. ಅದನ್ನು ನೋಡಿ ಉಳಿದದ್ದನ್ನು ನಾನೇ ತಿಳಿದುಕೊಳ್ಳುತ್ತಿದ್ದೆ.

ಅಲ್ಲಿನ ಅವಧಿ ಮುಗಿಯಿತು. ಮತ್ತೆ ಪುಸ್ತಕ, ಮತ್ತೆ ಪರೀಕ್ಷೆ. ಒಂದು ಸಂಗತಿ ನಿಮಗೆ ಗೊತ್ತೇ? ಹೆಲಿಕಾಪ್ಟರಿನಲ್ಲಿ ಬಲಗಡೆ ಕೂತವರು ಮುಖ್ಯಸ್ಥರು. ದೊಡ್ಡ ವಿಮಾನದಲ್ಲಿ ಎಡಗಡೆ ಕೂತವರು. ನನ್ನ ಮಗಳು ಬಲಗಡೆಯ ಕುರ್ಚಿ ಬಿಟ್ಟು ಬಲಗಡೆಯ ಕುರ್ಚಿಗೇ ಬಂದಳು. ಆದರೆ ಅಲ್ಲಿ ಮುಖ್ಯಳಾಗಿದ್ದವಳು ಇಲ್ಲಿ ಕಿರಿಯಳಾದಳು. ತನಗಿಂತ ಸಣ್ಣ ವಯಸ್ಸಿನವರಿಗೆ "ಸರ್" ಅಂದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದ ಎಡಗಡೆಯ ಕುರ್ಚಿಗೆ ಹೋಗಲು ವರ್ಷಗಟ್ಟಲೆ ಹಿಡಿಯಿತು.

"ಬ್ಯಾಸರ ಆಗಂಗಿಲ್ಲೇನು?" ಅಂತ ಒಮ್ಮೆ ಕೇಳಿದ್ದೆ.

"ಆಗತೈತಿ ಅವ್ವಾ. ಆದ್ರ ಕುರ್ಚಿ ಅಲ್ಲೇ ಐತಿ. ಎಲ್ಲಿಗೂ ಓಡಿ ಹೋಗಂಗಿಲ್ಲ."

ಈಗ ಆ ರಾತ್ರಿಗೆ ಬರುತ್ತೇನೆ. ಊಟ ಮಾಡುವಾಗ ಅವಳಿಗೆ ಗಂಟಲು ಕೆರೆಯತೊಡಗಿತು. ಗಂಗಕ್ಕ ಎದ್ದಳು. ಗಂಗಕ್ಕ ಅಂದರೆ ತೀರಿಹೋದ ನಮ್ಮ ಯಜಮಾನರ ಅಕ್ಕ. ನನ್ನ ಜೊತೆಗೇ ಇದ್ದಾಳೆ. ಮನೆಯಲ್ಲಿ ಅವಳದೇ ಮಾತು.

"ಕೆಮ್ಮಿನ ಸಿರಪ್ ತರಸ್ಲೇನು?"

"ಬ್ಯಾಡ ಅತ್ತಿ. ಹಾರೂಕಿಂತ ಮೊದಲು ಮಷಿನ್ದಾಗ ಊದಿಸ್ತಾರ. ಸಿರಪ್, ಬಾಯಿ ಮುಕ್ಕಳಿಸೂ ಔಷಧ, ಯಾವುದೂ ನಡಿಯಂಗಿಲ್ಲ. ಅದರಾಗ ಒಂದ್ ಹನಿ ಮದ್ಯ ಇದ್ರೂ ಮುಗೀತು."

"ಪೊಲೀಸ್ರು ಲಾರಿ ಡ್ರೈವರಿಗೆ ಊದಿಸಿದಂಗ?"

"ಹೂಂ, ಹಂಗ."

"ಹೆಂಗಸರಿಗೂ?"

"ವಿಮಾನಕ್ಕ ಗಂಡಸು ಹೆಂಗಸು ಗೊತ್ತಾಗಂಗಿಲ್ಲ ಅತ್ತಿ."

ಬೆಳಿಗ್ಗೆ ಗಂಗಕ್ಕ ತಾನೇ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಕೊಟ್ಟಳು. "ಭಾಳ ಛಲೋ ಆಗೇತಿ ಅತ್ತಿ" ಅಂತ ರೇಣುಕಾ ಲೋಟ ಖಾಲಿ ಮಾಡಿ ಕಾರು ಹತ್ತಿದಳು. ಬಾದಾಮಿ ಮೇಲೆ ಹಾದು, ಬನಶಂಕರಿಗೆ ಕೈಮುಗಿದು, ಹುಬ್ಬಳ್ಳಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಹೋಗುವುದು. ಮಧ್ಯಾಹ್ನ ಮಲಗಿ ಎದ್ದು, ಸಂಜೆ ಡ್ಯೂಟಿ.

ಲೋಟ ತೊಳೆಯಲು ಹೋದಾಗ ಒಲೆಯ ಪಕ್ಕ ಬಾಟಲಿ ಕಂಡಿತು. ಮುಚ್ಚಳ ಅಂಟಂಟು.

"ಇದನ್ನ ಹಾಕಿದ್ರೇನು ಅಕ್ಕಾ?"

"ಎರಡು ಮುಚ್ಚಳ. ಸಿರಪ್ ಅಲ್ಲಲ್ಲ ಅದು, ಅರಿಷ್ಟ. ಬಾಣಂತ್ಯಾರಿಗೆ ಕೊಡೂದು."

ಬಾಟಲಿಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರ. ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಂದರೆ ಒಂದೊಂದೇ ಅಕ್ಷರ ಕೂಡಿಸಬೇಕು. ಕೂಡಿಸಿದೆ. ಕೊರೊನಾ ಕಾಲದಲ್ಲಿ ಕೈಗೆ ಹಚ್ಚಿಕೊಳ್ಳುತ್ತಿದ್ದ ಸ್ಯಾನಿಟೈಸರ್ ಬಾಟಲಿಯ ಮೇಲೆ ನೋಡಿದ್ದ ಪದವೇ ಅಲ್ಲಿಯೂ ಇತ್ತು. ಆಲ್ಕೋಹಾಲ್.

ಸಂಜೆ ರೇಣುಕಾಳಿಗೆ ಮಷಿನ್ನಿನಲ್ಲಿ ಊದಿಸುತ್ತಾರೆ. ಹೊರಗಿನವರು ಏನನ್ನುತ್ತಾರೆ? ಹೆಣ್ಣುಮಗಳು, ಕುಡಿದು ಬಂದಿದ್ದಳು. ಸೋದರತ್ತೆ ಕೊಟ್ಟ ಕಷಾಯ ಅಂದರೆ ಯಾರು ನಂಬುತ್ತಾರೆ?

ಫೋನಿಗೆ ಕೈ ಹಾಕಿದೆ. ಗಂಗಕ್ಕ ನನಗಿಂತ ಮೊದಲು ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎರಡು ಮುಚ್ಚಳಕ್ಕ ವಿಮಾನ ಬೀಳತೈತೇನು? ಎಷ್ಟ್ ಬಾಣಂತನ ಮಾಡೀನಿ ಇದರ ಮ್ಯಾಲೆ, ಒಬ್ಬಾಕೀನೂ ತೂರಾಡಿಲ್ಲ. ಮುಂಜಾನಿ ಕುಡದದ್ದು ಸಂಜೀತನಾ ಎಲ್ಲಿ ಉಳೀತೈತಿ? ಹೇಳಿ ಆಕಿ ಮನಸ್ಸು ಕೆಡಸಬ್ಯಾಡ. ಸುಮ್ನ ಕುಂದ್ರು, ಪಾರವ್ವ."

ಮದುವೆಯಾಗಿ ಬಂದ ದಿನದಿಂದ ಗಂಗಕ್ಕ ಕುಂದ್ರು ಅಂದರೆ ನಾನು ಕೂತವಳೇ.

"ಫೋನ್ ಕೊಡ್ರಿ ಅಕ್ಕಾ."

"ಕೊಡಂಗಿಲ್ಲ."

"ಕೊಡ್ರಿ. ಇಲ್ಲಾಂದ್ರ ಓಣ್ಯಾಗ ನಿಂತು ಯಾರದಾರ ಫೋನ್ ಇಸ್ಕೋತೇನಿ. ಎಲ್ಲಾರ ಮುಂದ ಮಾತಾಡತೇನಿ."

ಗಂಗಕ್ಕ ನನ್ನ ಮುಖ ನೋಡಿದಳು. ಓಣಿಯಲ್ಲಿ ನಿಂತು ನಾನು ಮಾತಾಡಿದ್ದನ್ನು ಅವಳು ಕಂಡಿಲ್ಲ. ನಾನೂ ಕಂಡಿಲ್ಲ. ಫೋನು ಕೈಗೆ ಬಂತು.

ಮೊದಲು ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಎತ್ತಿದಾಗ ಅವಳು ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ರೊಟ್ಟಿ, ಮೊಸರು ತಿನ್ನುತ್ತಿದ್ದಳು. ಹೇಳಿದೆ. ತೊದಲಿದೆ, ಆದರೂ ಪೂರ್ತಿ ಹೇಳಿದೆ.

ಅವಳು ಬೈಯಲಿಲ್ಲ. "ಎಷ್ಟು ಹಾಕಿದ್ರು? ನಾ ಕುಡದದ್ದು ಎಷ್ಟೊತ್ತಿಗೆ?" ಅಂತ ಕೇಳಿ ತಾಸು ಲೆಕ್ಕ ಹಾಕಿದಳು. ಹಾರುವ ಮುಂಚಿನ ಹನ್ನೆರಡು ತಾಸು ಅಂಥದ್ದೇನೂ ಹೊಟ್ಟೆಗೆ ಹೋಗಿರಬಾರದು ಅಂತ ಅವರ ನಿಯಮ.

"ಸಂಜಿಗೆ ಮಷಿನ್ದಾಗ ಏನೂ ಬರಂಗಿಲ್ಲ ಅವ್ವಾ. ಸೊನ್ನಿ ತೋರಸ್ತೈತಿ. ಆದ್ರ ಹನ್ನೆರಡು ತಾಸಿಗೆ ಒಂದೀಟು ಕಡಿಮಿ ಬೀಳತೈತಿ."

"ಒಂದೀಟ ಅಲ್ಲೇನು? ಹಂಗಾರ ಹೋಗವ್ವ." (ಹೌದು, ನಿಧಿ. ಹಾಗಂದವಳು ನಾನೇ.)

"ಇಲ್ಲ. ಆಫೀಸಿಗೆ ಫೋನ್ ಮಾಡ್ತೇನಿ. ಬ್ಯಾರೆ ಕ್ಯಾಪ್ಟನ್ ಹುಡುಕೂಕ ಅವರಿಗೆ ಟೈಮ್ ಬೇಕು."

ಮಧ್ಯಾಹ್ನದೊಳಗೆ ಕಾರು ವಾಪಸು ಬಂತು. ಕೈಯಲ್ಲಿ ನಮಗಿಬ್ಬರಿಗೂ ರೊಟ್ಟಿ ಕಟ್ಟಿಸಿಕೊಂಡ ಪೊಟ್ಟಣ. ಗಂಗಕ್ಕ ಒಳಗೇ ಕೂತಿದ್ದಳು. ರೇಣುಕಾ ಹೋಗಿ ಅವಳ ಪಕ್ಕ ಕೂತಳು.

"ಹಿಮದ ಗುಡ್ಡದಾಗ ಕೆಮ್ಮಕೋತ ಹಾರತಿದ್ದಿ ಅಂತ ನೀನ ಹೇಳಿದ್ದಿ" ಅಂದಳು ಗಂಗಕ್ಕ. ದನಿ ಸಣ್ಣದಾಗಿತ್ತು. "ಈಗ ಎರಡು ಮುಚ್ಚಳಕ್ಕ ಹೆದರತೀ?"

"ಅಲ್ಲಿ ಒಬ್ಬಾಂವ ರಕ್ತ ಸುರಿಸ್ಕೋತ ನನ್ನ ದಾರಿ ಕಾಯತಿದ್ದ ಅತ್ತಿ. ನಾ ಹೋಗಲಿಲ್ಲಂದ್ರ ಅಂವಾ ಉಳೀತಿರಲಿಲ್ಲ. ಇಲ್ಲಿ ನಾ ಹೋಗಲಿಲ್ಲಂದ್ರ ಇನ್ನೊಬ್ಬರು ಹೋಗತಾರ. ಎಲ್ಲಾರೂ ಮನಿ ಮುಟ್ಟತಾರ. ಅಲ್ಲಿ ಹೋಗೂದು ಕೆಲಸ. ಇಲ್ಲಿ ಒಮ್ಮೊಮ್ಮೆ ಹೋಗದ ಇರೂದೂ ಕೆಲಸ."

ಗಂಗಕ್ಕ ರೊಟ್ಟಿ ಮುರಿದಳು. "ಮಷಿನ್ ಸೊನ್ನಿ ತೋರಸ್ತಿತ್ತಲ್ಲ" ಅಂತ ಇನ್ನೊಮ್ಮೆ ಅಂದಳು.

ಆಫೀಸಿನವರು ಎಲ್ಲವನ್ನೂ ಬರೆದು ಕೊಡಲು ಹೇಳಿದ್ದಾರೆ. ಕೊಟ್ಟಿದ್ದಾಳೆ. ಹೊಸ ದಿನ ಇನ್ನೂ ಗೊತ್ತಾಗಿಲ್ಲ. ಕೇಳಿದರೆ ಅದೇ ಹಳೆಯ ಉತ್ತರ: ಕುರ್ಚಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ಇನ್ನು ನಿನ್ನ ಪ್ರಶ್ನೆ, ನಿಧಿ. ನಾನು ಹೇಳಿದ್ದು ಧೈರ್ಯದಿಂದಲ್ಲ, ಮಷಿನ್ನಿಗೆ ಹೆದರಿ. ಮಷಿನ್ನಿಗೆ ಗೊತ್ತಾಗುವುದಿಲ್ಲ ಅಂತ ತಿಳಿದ ಮೇಲೆ ನಾನೂ ಹೋಗು ಅಂದೆ. ಹೋಗದೆ ಗಟ್ಟಿಯಾಗಿ ನಿಂತವಳು ನಿಮ್ಮವ್ವ. ಹೆಲಿಕಾಪ್ಟರಿನಲ್ಲಿ ಹಿಂದೆ ಮಲಗಿದವನಿಗೆ ಅವಳ ಭುಜವಾದರೂ ಕಾಣುತ್ತಿತ್ತು. ವಿಮಾನದಲ್ಲಿ ನಡುವೆ ಬಾಗಿಲು ಹಾಕಿರುತ್ತದೆ. ಹಿಂದೆ ಕೂತವರು ನೋಡಲಾರರು, ಕೇಳಲಾರರು. ನಂಬಬೇಕು, ಅಷ್ಟೇ. ಹೊಸ ಫ್ರಾಕು ಹಾಕಿಕೊಂಡು ಅಲ್ಲಿ ಕೂರಬೇಕಾದವಳು ನೀನೂ ಒಬ್ಬಳು.

ಇನ್ನೊಂದು ಸಲ ಹಾಗೇ ಆದರೆ ಮತ್ತೆ ಫೋನು ಕೇಳುತ್ತೇನೆ. ಓಣಿಯಲ್ಲಿ ನಿಂತಾದರೂ ಸರಿ. ಆಗ ಹೋಗು ಅನ್ನುವುದಿಲ್ಲ.

ಆ ಸಂಜೆ ಹೈದರಾಬಾದಿಗೆ ಹೋದವರೆಲ್ಲ ವಿಮಾನ ಹಾರಿಸಿದ ಕ್ಯಾಪ್ಟನ್ ಹೆಸರನ್ನು ಮೈಕಿನಲ್ಲಿ ಕೇಳಿರುತ್ತಾರೆ. ಹಾರಿಸದ ಕ್ಯಾಪ್ಟನ್ ಯಾರು ಅಂತ ಅವರಿಗೆ ಗೊತ್ತಿಲ್ಲ.

ನಿನಗೆ ಗೊತ್ತಿದೆಯಲ್ಲ?