ದನಿಯಿಂದ ಗುರುತು

ನಾನು ಬ್ಯಾಡಗಿಯ ಅಂಗನವಾಡಿಯಲ್ಲಿ ಟೀಚರಾಗಿದ್ದಾಗ ನಮಗೊಂದು ಕ್ಯಾಸೆಟ್ ಬಂದಿತ್ತು. ಕತೆಯಲ್ಲ, ಪೆಂಗ್ವಿನ್ ಹಕ್ಕಿಗಳ ಖರೇ ಸಂಗತಿ. ಓದುವವನ ಕನ್ನಡವೋ, ಮಂತ್ರ ಹೇಳಿದ ಹಾಗೆ! ಎರಡು ಮಾತಿಗೊಮ್ಮೆ ನಿಲ್ಲಿಸಿ ನಾನೇ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು. ಅದು ಮೆಣಸಿನಕಾಯಿ ಸುಗ್ಗಿ. ತಾಯಂದಿರು ತೊಟ್ಟು ಬಿಡಿಸಲು ಹೋಗುತ್ತಿದ್ದರು. ಮಕ್ಕಳು ಘಾಟಿಗೆ ಕೆಮ್ಮುತ್ತಲೇ ಹಿಮದ ಸುದ್ದಿ ಕೇಳುತ್ತಿದ್ದವು.

ಅವರಲ್ಲೊಬ್ಬಳಿಗೆ ನಾಲ್ಕು ವರ್ಷ. ಅವಳ ತಾಯಿ ಈಚೆಗೆ ಎರಡನೇ ಹೆರಿಗೆಯಲ್ಲಿ, ಹುಟ್ಟಿದ ಮಗುವಿನ ಜೊತೆಗೇ ತೀರಿಕೊಂಡಿದ್ದಳು. ಅವ್ವ ತವರಿಗೆ ಹೋಗಿದ್ದಾಳೆ ಎಂದು ಮನೆಯವರು ಕೂಸನ್ನು ನಂಬಿಸಿದ್ದರು. ಸತ್ತವಳ ತಂಗಿಯನ್ನೇ ಅಪ್ಪನಿಗೆ ತಂದುಕೊಂಡು, ಅವ್ವ ಬಂದಳು ಎಂದು ತೋರಿಸುವುದು ಅವರ ಲೆಕ್ಕ. ಆ ತಂಗಿ ದೂರದೂರಿನ ಕಾಲೇಜಿನಲ್ಲಿದ್ದವಳು, ಕೂಸು ಆಕೆಯನ್ನು ನೋಡಿದ್ದೇ ಅಪರೂಪ. ಮುಖ ಮಾತ್ರ ಥೇಟ್ ಅಕ್ಕನದು.

“ಕೂಸಿಗೆ ಖರೇ ಹೇಳ್ರಿ ಆಯಿ,” ಎಂದೆ ಅವಳ ಅಜ್ಜಿಗೆ.

“ಹಾಲಹಲ್ಲಿನ ಕೂಸಿಗೆ ಏನ್ ತಿಳೀತೈತ್ರಿ? ನಾಕ ದಿನ ಹೋದ್ರ ಮರೀತೈತಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ ಅಕ್ಕೋರ.”

ಮೈಯೆಲ್ಲ ಉರಿಯಿತು. ಮನೆಯವರೇ ಬೇಡವೆಂದ ಮೇಲೆ ಹೊರಗಿನವಳದೇನು ನಡೆಯುತ್ತದೆ?

ಕ್ಯಾಸೆಟ್ಟಿನಲ್ಲಿ ತಾಯಿ ಹಕ್ಕಿ ಮೀನಿಗೆಂದು ಸಮುದ್ರಕ್ಕೆ ಹೋಗುತ್ತಿತ್ತು. ಎಷ್ಟೋ ದಿನಕ್ಕೆ ತಿರುಗಿ ಬಂದು, ಸಾವಿರಾರು ಹಕ್ಕಿಗಳ ಗದ್ದಲದಲ್ಲಿ ಕೂಗಿ ಕೂಗಿ ತನ್ನವರನ್ನು ಹುಡುಕುತ್ತಿತ್ತು. ಎಲ್ಲವುಗಳ ಮುಖ ಒಂದೇ, ದನಿಯಿಂದಲೇ ಗುರುತು. ಆ ಹುಡುಗಿ ಅಷ್ಟನ್ನೇ ಮತ್ತೆ ಮತ್ತೆ ಹಚ್ಚಿಸುತ್ತಿದ್ದಳು. ಆಮೇಲೆ ಹೋಗಿ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಉಪ್ಪಿಟ್ಟು ಕೊಟ್ಟರೂ ಒಳಗೆ ಬರುತ್ತಿರಲಿಲ್ಲ.

ಮದುವೆ ಸದ್ದಿಲ್ಲದೆ ಮುಗಿಯಿತು. ಮರುದಿನವೇ ಅಜ್ಜಿ ಹೊಸ ಸೊಸೆಗೆ ಸತ್ತವಳ ಸೀರೆ ಉಡಿಸಿ ಅಂಗನವಾಡಿಗೆ ಕರೆತಂದಳು.

“ನೋಡವಾ, ನಿಮ್ಮವ್ವ ಬಂದಾಳ!”

ಕೂಸು ಓಡಿತು. ಹತ್ತಿರ ಹೋಗಿ ಗಕ್ಕನೆ ನಿಂತು ಕಣ್ಣು ಮುಚ್ಚಿತು.

“ಒದರಬೇ. ನನ್ನ ಕರಿ, ಒದರು.”

ಸೊಸೆ ಗಾಬರಿಯಿಂದ ನನ್ನ ಕಡೆ ನೋಡಿದಳು. “ಬಾರವ್ವಾ... ನನ್ನ ಬಂಗಾರಾ...”

ಕೂಸು ಕಣ್ಣು ತೆರೆಯಿತು. “ಇಕಿ ಅಲ್ಲ.”

“ಅಯ್ಯ, ಥಂಡಿ ಆಗಿ ದನಿ ಬಿದ್ದೈತಿ ಅಷ್ಟ,” ಎಂದಳು ಅಜ್ಜಿ.

“ಸಾಕ್ ಮಾಡ್ರಿ ಅತ್ತಿ!” ಸೊಸೆ ಮಣ್ಣಿನಲ್ಲೇ ಕುಸಿದು ಕೂತಳು. ಗಳಗಳ ಅಳುತ್ತಲೇ ಕೂಸಿಗೆ ಹೇಳಿದಳು: “ನಾ ನಿಮ್ಮ ಚಿಗವ್ವ. ನಿಮ್ಮವ್ವ ಸತ್ತಾಳವ್ವಾ. ಬರೂದಿಲ್ಲ.”

ಕೂಸು ಅಳಲಿಲ್ಲ. ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿತು.

“ಯಾಕ ಹೇಳಲಿಲ್ಲ? ನಾ ದಿನಾ ಬಾಗಲದಾಗ ಕುಂತು ಅವ್ವ ಒದರತಾಳೇನಂತ ಕೇಳತಿದ್ನೆಲ್ಲಾ.”